ಹೊಸ ಕಾರಿಗೆ ಡೀಲರ್ ಕೇಳುವ ಬುಕಿಂಗ್ ಹಣ: ಕೊಡಬೇಕಾ, ಕೊಟ್ಟರೆ ಎಷ್ಟು?

ತುಮಕೂರು ರಸ್ತೆ

ಎಲ್ಲರಿಗೂ ನಮಸ್ಕಾರ. ಮನೆಗೆ ಹೊಸ ಕಾರು ತೆಗೆದುಕೊಳ್ಳುತ್ತಿದ್ದೇವೆ. 4 ಮೀಟರ್ ಒಳಗಿನ ಪೆಟ್ರೋಲ್ ಎಸ್‌ಯುವಿ, ಆಟೋಮ್ಯಾಟಿಕ್. ಅಪ್ಪನಿಗೆ ಮಂಡಿ ನೋವು, ಕ್ಲಚ್ ತುಳಿಯುವುದು ಕಷ್ಟ. ಮಾಡೆಲ್ ಯಾವುದು ಅನ್ನುವುದು ಮುಗಿದ ಮಾತು. ಈಗ ಬುಕ್ ಮಾಡಿ, ಆಷಾಢ ಕಳೆದು ಶ್ರಾವಣದಲ್ಲಿ ಮನೆಗೆ ತರೋಣ ಅನ್ನುವುದು ಅಮ್ಮನ ಲೆಕ್ಕ.

ಗೊಂದಲ ಇರುವುದು ಬುಕಿಂಗ್ ಹಣದ್ದು. ಇಲ್ಲಿನ ಶೋರೂಂನಲ್ಲಿ ಬುಕಿಂಗ್ 21,000 ರೂಪಾಯಿ. ಆದರೆ ಸೇಲ್ಸ್‌ನವರು "50,000 ಹಾಕಿ ಸರ್, ನಿಮ್ಮ ಗಾಡಿ ಮುಂದಕ್ಕೆ ತರ್ತೀವಿ" ಅನ್ನುತ್ತಿದ್ದಾರೆ. ಬೆಂಗಳೂರಿನ ಇನ್ನೊಂದು ಶೋರೂಂನವರು "5,000 ಸಾಕು, ಬೇಡ ಅಂದ್ರೆ ಪೂರ್ತಿ ವಾಪಸ್" ಅಂತ ಫೋನಿನಲ್ಲಿ ಹೇಳಿದರು. ಅದನ್ನೇ ಬರೆದು ಕಳಿಸಿ ಅಂದರೆ "ಬನ್ನಿ ಸರ್, ಮಾತಾಡೋಣ" ಅಂದರು. ನಮ್ಮ ಭಾವ ಅಂತೂ ಗಾಡಿ ಕಣ್ಣಿಗೆ ಕಾಣುವವರೆಗೂ ಒಂದು ರೂಪಾಯಿ ಬಿಚ್ಚಬೇಡ ಅನ್ನುತ್ತಾರೆ.

ಈಚೆಗೆ ಬುಕ್ ಮಾಡಿದವರು, ಈ ವ್ಯವಹಾರ ಗೊತ್ತಿರುವವರು ದಯವಿಟ್ಟು ಹೇಳಿ. ನಮಗೆ 21,000 ಸಣ್ಣ ಹಣ ಅಲ್ಲ.

ಹೊಂಗೆ ನೆರಳು

21,000 ಕೊಡಿ. ಅದಕ್ಕಿಂತ ಒಂದು ಪೈಸೆ ಜಾಸ್ತಿ ಬೇಡ. ಕಂಪನಿ ಆ ಮಾಡೆಲ್‌ಗೆ ಎಷ್ಟು ಅಂತ ನಿಗದಿ ಮಾಡಿದೆಯೋ ಅಷ್ಟು ಸಾಕು. ಅದನ್ನು ಕಂಪನಿಯ ವೆಬ್‌ಸೈಟಿನಲ್ಲೇ ನೋಡಿಕೊಳ್ಳಬಹುದು. ಅದರ ಮೇಲಿನದ್ದೆಲ್ಲ ಡೀಲರ್ ತನ್ನ ಕೈ ಗಟ್ಟಿ ಮಾಡಿಕೊಳ್ಳಲು ಕೇಳುವ ಹಣ.

ಮಂಡ್ಯದ ಕಬ್ಬು

ನಿಮ್ಮ ಭಾವನ ಮಾತಲ್ಲಿ ತೂಕ ಇದೆ. ಮೊದಲು ನೋಡಬೇಕಾದ್ದು ಆ ಮಾಡೆಲ್‌ಗೆ ಕಾಯುವ ಪಟ್ಟಿ ನಿಜವಾಗಿ ಇದೆಯಾ ಅಂತ. ಎಷ್ಟೋ ಮಾಡೆಲ್‌ಗಳು ಸ್ಟಾಕ್‌ಯಾರ್ಡಿನಲ್ಲಿ ಧೂಳು ಹಿಡಿದು ನಿಂತಿರುತ್ತವೆ. ಅಂಥ ಗಾಡಿಗೆ ಬುಕಿಂಗ್ ಯಾಕೆ? ಚಾಸಿ ನಂಬರ್ (ಪ್ರತಿ ಗಾಡಿಗೂ ಇರುವ ಅದರದೇ ನಂಬರ್) ತೋರಿಸಿ, ಗಾಡಿ ತೋರಿಸಿ, ಹಣ ಕೊಡ್ತೀನಿ ಅನ್ನಿ.

ಇನ್ನೊಂದು ವಿಷಯ. ಡಿಸ್ಕೌಂಟ್, ಆಕ್ಸೆಸರೀಸ್, ಹಳೆ ಗಾಡಿಯ ಎಕ್ಸ್‌ಚೇಂಜ್ ಬೋನಸ್, ಎಲ್ಲ ಚೌಕಾಸಿಯೂ ಹಣ ಕೊಡುವ ಮುಂಚೆ ಮುಗಿಯಬೇಕು. ರಸೀದಿ ಹರಿದ ಮೇಲೆ ಅವರ ದನಿಯೇ ಬೇರೆ. ಆವರೆಗೆ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದವರು ಆಮೇಲೆ ನೀವು ಮಾಡಿದರೂ ಎತ್ತುವುದಿಲ್ಲ.

ಶೋರೂಂ ಒಳಗಿಂದ

ನಾನು ಕಾರ್ ಸೇಲ್ಸ್‌ನಲ್ಲೇ ಕೆಲಸ ಮಾಡುವವನು. ಯಾವ ಬ್ರ್ಯಾಂಡ್, ಯಾವ ಊರು ಅಂತ ಹೇಳುವುದಿಲ್ಲ. ಎರಡೂ ಕಡೆಯದ್ದು ಹೇಳುತ್ತೇನೆ.

ಬುಕಿಂಗ್ ಹಣ ಸುಮ್ನೆ ಕೇಳುವುದಲ್ಲ. ಡೀಲರ್ ಕಂಪನಿಯಿಂದ ಗಾಡಿ ತರುವಾಗ ಹಣ ಕಟ್ಟಿಯೇ ತರಬೇಕು. ಹೆಚ್ಚಿನವರು ಅದಕ್ಕೆ ಬ್ಯಾಂಕ್ ಸಾಲ ಮಾಡಿರುತ್ತಾರೆ, ಗಾಡಿ ಯಾರ್ಡಿನಲ್ಲಿ ನಿಂತಷ್ಟು ದಿನವೂ ಬಡ್ಡಿ ಓಡುತ್ತದೆ. ಗಿರಾಕಿ ಮೂರು ಶೋರೂಂನಲ್ಲಿ ಹೆಸರು ಬರೆಸಿ, ಮೊದಲು ಬಂದ ಕಡೆ ತೆಗೆದುಕೊಂಡು ಹೋದರೆ ಉಳಿದಿಬ್ಬರ ಕೈಯಲ್ಲಿ ಯಾರೂ ಕೇಳದ ಬಣ್ಣದ ಗಾಡಿ ಉಳಿಯುತ್ತದೆ. ಅದಕ್ಕೇ ಒಂದಷ್ಟು ಹಣ ಕಟ್ಟಿಸಿಕೊಳ್ಳುತ್ತಾರೆ. ಇದು ನ್ಯಾಯವೇ.

ಆದರೆ 50,000 ಕೊಟ್ಟರೆ ಗಾಡಿ ಬೇಗ ಬರುತ್ತದೆ ಅನ್ನುವುದನ್ನು ನಂಬಬೇಡಿ. ಬುಕಿಂಗ್ ಆದಾಗ ಅದನ್ನು ಕಂಪನಿಯ ಸಿಸ್ಟಂಗೆ ಏರಿಸಬೇಕು. ಹೆಸರು, ಮೊಬೈಲ್ ನಂಬರ್, ವೇರಿಯಂಟ್, ಬಣ್ಣ ಎಲ್ಲ ಹಾಕಿದ ಮೇಲೆ ಆರ್ಡರ್ ನಂಬರ್ ಹುಟ್ಟುತ್ತದೆ. ಹೆಚ್ಚಿನ ಕಂಪನಿಗಳಲ್ಲಿ ಆಗಲೇ ನಿಮ್ಮ ಮೊಬೈಲ್‌ಗೆ ಒಟಿಪಿಯೋ ಮೆಸೇಜೋ ಬರುತ್ತದೆ. ನಿಮ್ಮ ಸರದಿ ಶುರುವಾಗುವುದು ಅಲ್ಲಿಂದ. ನೀವು ಕೊಟ್ಟ ಹೆಚ್ಚುವರಿ 29,000 ಆ ಸರದಿಯಲ್ಲಿ ಎಲ್ಲೂ ಕಾಣುವುದಿಲ್ಲ. ಅದು ಡೀಲರ್ ಖಾತೆಯಲ್ಲಿ ಕೂತಿರುತ್ತದೆ, ನೀವು ಬೇರೆ ಕಡೆ ಹೋಗದ ಹಾಗೆ ಕಟ್ಟಿಹಾಕುತ್ತದೆ, ಅಷ್ಟೇ.

ಗಾಡಿ ಬೇಗ ಸಿಗಬೇಕಾದರೆ ನಿಜವಾಗಿ ನೆರವಾಗುವುದು ಬೇರೆ. ಬಣ್ಣದಲ್ಲಿ ಹಟ ಬಿಡಬೇಕು. ಯಾರಾದರೂ ಕ್ಯಾನ್ಸಲ್ ಮಾಡಿದ ಗಾಡಿ ಇದ್ದರೆ ಮೊದಲು ನಮಗೆ ಹೇಳಿ ಅಂತ ಸೇಲ್ಸ್ ಮ್ಯಾನೇಜರ್‌ಗೆ ತಿಳಿಸಿಡಬೇಕು. ತಿಂಗಳ ಕೊನೆ ವಾರದಲ್ಲಿ ಟಾರ್ಗೆಟ್ ಒತ್ತಡ ಇರುತ್ತದೆ, ಆಗ ಒಮ್ಮೆ ಹೋಗಿ ಕೂರಬೇಕು.

ಗದಗ ಗಾಡಿ

ಮೇಲಿನವರು ಹೇಳಿದ ಸಿಸ್ಟಂ ಮಾತನ್ನು ಎಲ್ಲರೂ ಗಟ್ಟಿಯಾಗಿ ಹಿಡಿದುಕೊಳ್ಳಿ. ನನಗೆ ಒಂದು ಶೋರೂಂನಲ್ಲಿ ಆದದ್ದು ಇದೇ. ಹಣ ತಗೊಂಡರು, ಪುಸ್ತಕದಿಂದ ಹರಿದು ಕೈಬರಹದ ರಸೀದಿ ಕೊಟ್ಟರು, ಸೀಲ್ ಒತ್ತಿದರು. ತಿಂಗಳುಗಟ್ಟಲೆ "ಮುಂದಿನ ಲೋಡ್‌ನಲ್ಲಿ ಬರುತ್ತೆ ಸರ್" ಅಂದರು. ಕೊನೆಗೆ ಕಂಪನಿಯ ಟೋಲ್‌ಫ್ರೀ ನಂಬರಿಗೆ ಫೋನ್ ಮಾಡಿದರೆ ನನ್ನ ಮೊಬೈಲ್ ನಂಬರಿನಲ್ಲಿ ಬುಕಿಂಗೇ ಇಲ್ಲ ಅಂದರು. ಸಾಲಿನಲ್ಲಿ ನಾನು ನಿಂತೇ ಇರಲಿಲ್ಲ.

ಕ್ಯಾನ್ಸಲ್ ಮಾಡಿದೆ. ಆಗ 5,000 ಹಿಡಿದುಕೊಂಡು ಉಳಿದದ್ದು ಕೊಡ್ತೀವಿ ಅಂದರು. ಯಾಕೆ ಅಂದರೆ "ನಿಮ್ಮ ಅಡ್ವಾನ್ಸ್ ಮೇಲೆ ಜಿಎಸ್‌ಟಿ ಕಟ್ಟಿಬಿಟ್ಟಿದ್ದೀವಿ, ಅದು ವಾಪಸ್ ಬರಲ್ಲ" ಅಂತ. ಚೆಕ್ ಬರಲೂ ಬಹಳ ಸತಾಯಿಸಿದರು. ಮನೆಯಲ್ಲಿ ಎಲ್ಲರ ಮುಂದೆ ಹೊಸ ಗಾಡಿ ಬರುತ್ತೆ ಅಂತ ಹೇಳಿಬಿಟ್ಟಿದ್ದೆ. ಆ ನೋವು ಹಣಕ್ಕಿಂತ ದೊಡ್ಡದು.

ಲೆಕ್ಕದ ಪುಸ್ತಕ

ಗದಗದ ಸರ್, ನಿಮಗೆ ಹೇಳಿದ ಜಿಎಸ್‌ಟಿ ಕಾರಣ ಸುಳ್ಳು. ಸರಕು ಮಾರುವವರು ಮುಂಗಡ ಹಣ ತಗೊಂಡಾಗ ಅದರ ಮೇಲೆ ಜಿಎಸ್‌ಟಿ ಕಟ್ಟುವ ಅಗತ್ಯ 2017ರ ನವೆಂಬರ್ 15ರಿಂದಲೇ ಇಲ್ಲ. ಇನ್‌ವಾಯ್ಸ್, ಅಂದರೆ ಬಿಲ್ ಹಾಕಿದಾಗ ತೆರಿಗೆ. ಕಾರು ಸರಕು. ಬುಕಿಂಗ್ ಹಣ ವಾಪಸ್ ಕೊಡುವಾಗ ತೆರಿಗೆ ಹೆಸರಿನಲ್ಲಿ ಮುರಿದುಕೊಳ್ಳಲು ಯಾವ ಆಧಾರವೂ ಇಲ್ಲ. ಯಾರಾದರೂ ಹಾಗೆ ಹೇಳಿದರೆ ಬರೆದುಕೊಡಿ ಅನ್ನಿ, ಕೊಡುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. 21,000 ಆರು ತಿಂಗಳು ಡೀಲರ್ ಹತ್ತಿರ ಇದ್ದರೆ 6.5% ಬಡ್ಡಿಯಲ್ಲಿ ನಿಮಗೆ ತಪ್ಪುವುದು 700 ರೂಪಾಯಿಯೂ ಇಲ್ಲ. ಹಾಗಾಗಿ ಕಂಪನಿ ನಿಗದಿ ಮಾಡಿದ ಬುಕಿಂಗ್ ಹಣದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ತಲೆ ಕೆಡಿಸಿಕೊಳ್ಳಬೇಕಾದ್ದು ಅದರ ನಂತರದ ಹೆಜ್ಜೆಗೆ. "ಮಾರ್ಜಿನ್ ಹಣ ಕಟ್ಟಿಬಿಡಿ, ಲೋನ್ ಡಿಸ್ಬರ್ಸ್ ಮಾಡಿಸಿಬಿಡಿ, ಗಾಡಿ ಅಲಾಟ್ ಆಗುತ್ತೆ" ಅನ್ನುತ್ತಾರೆ ನೋಡಿ, ಅಲ್ಲಿ. ಮಾರ್ಜಿನ್ ಅಂದರೆ ಸಾಲ ಬಿಟ್ಟು ನಿಮ್ಮ ಕೈಯಿಂದ ಹಾಕುವ ಹಣ, ಡಿಸ್ಬರ್ಸ್ ಅಂದರೆ ಬ್ಯಾಂಕ್ ಸಾಲದ ಹಣ ಬಿಡುವುದು. ಬ್ಯಾಂಕ್ ಹಣ ನೇರವಾಗಿ ಡೀಲರ್ ಖಾತೆಗೆ ಹೋಗುತ್ತದೆ. ಹೋದ ದಿನದಿಂದ ಬಡ್ಡಿ ನಿಮ್ಮದು. 8 ಲಕ್ಷದ ಸಾಲಕ್ಕೆ 9% ಅಂದರೆ ತಿಂಗಳಿಗೆ 6,000 ರೂಪಾಯಿ ಬರೀ ಬಡ್ಡಿ, ಗಾಡಿ ಇನ್ನೂ ಕಾರ್ಖಾನೆಯಲ್ಲೇ ಇದ್ದರೂ. ಚಾಸಿ ನಂಬರ್ ನಿಮ್ಮ ಹೆಸರಿಗೆ ಬರುವ ಮುಂಚೆ ಲೋನ್ ಹಣ ಬಿಡಬೇಡಿ ಅಂತ ಬ್ಯಾಂಕಿಗೆ ಲಿಖಿತವಾಗಿ ಹೇಳಿಡಿ.

ಬೆಲೆ ಏರಿಕೆಯ ಬಗ್ಗೆಯೂ ಕೇಳಿ. ಬುಕಿಂಗ್ ಹಣ ಕೊಟ್ಟರೆ ಬೆಲೆ ಗಟ್ಟಿಯಾಯಿತು ಅಂತ ತುಂಬ ಜನ ತಿಳಿದಿದ್ದಾರೆ. ಹೆಚ್ಚಿನ ಬುಕಿಂಗ್ ಫಾರಂಗಳಲ್ಲಿ ಡೆಲಿವರಿ ದಿನದ ಬೆಲೆ ಅನ್ವಯ ಅಂತಲೇ ಇರುತ್ತದೆ. ಕರ್ನಾಟಕದಲ್ಲಿ ಇದರ ಪೆಟ್ಟು ಕೆಲವು ಗಾಡಿಗಳಿಗೆ ಜೋರು. ಲೈಫ್ ಟ್ಯಾಕ್ಸ್, ಅಂದರೆ ಗಾಡಿ ನೋಂದಣಿಗೆ ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆ, ಸೆಸ್ ಬಿಟ್ಟು 5ರಿಂದ 10 ಲಕ್ಷದ ಕಾರಿಗೆ 14%, 10 ಲಕ್ಷ ದಾಟಿದರೆ 20 ಲಕ್ಷದವರೆಗೆ 17%. ಬುಕ್ ಮಾಡುವಾಗ 9.90 ಲಕ್ಷ ಇದ್ದ ಗಾಡಿಗೆ ಟ್ಯಾಕ್ಸ್ 1,38,600. ಡೆಲಿವರಿ ಹೊತ್ತಿಗೆ ಅದು 10.10 ಲಕ್ಷ ಆದರೆ 1,71,700. ಗಾಡಿ ಬೆಲೆ ಏರಿದ್ದು 20,000, ಟ್ಯಾಕ್ಸ್ ಏರಿದ್ದು 33,100. ಮೇಲೆ 10 ಲಕ್ಷ ದಾಟಿದ್ದಕ್ಕೆ 1% ಟಿಸಿಎಸ್ ಬೇರೆ, ಅಂದರೆ ಡೀಲರ್ ನಿಮ್ಮಿಂದ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ. ಟಿಸಿಎಸ್ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಲೈಫ್ ಟ್ಯಾಕ್ಸ್ ಹೋದದ್ದು ಹೋಯಿತು.

ಹೊಂಗೆ ನೆರಳು

ಇದಕ್ಕೆ ಉಲ್ಟಾ ಆದದ್ದೂ ಇದೆ ಸರ್. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28%ರಿಂದ 18%ಗೆ ಇಳಿಯಿತಲ್ಲ. ಬರೀ ಬುಕಿಂಗ್ ಹಣ ಕೊಟ್ಟು ಕಾಯುತ್ತಿದ್ದವರಿಗೆ ಆ ಇಳಿಕೆ ಸಿಕ್ಕಿತು. ಅದಕ್ಕೂ ಮುಂಚೆ ಪೂರ್ತಿ ಹಣ ಕಟ್ಟಿ ಬಿಲ್ ಹಾಕಿಸಿಕೊಂಡವರಿಗೆ ಹಳೇ ತೆರಿಗೆಯೇ. ನಮ್ಮ ಪಕ್ಕದ ಮನೆಯವರು ಗೌರಿ ಹಬ್ಬಕ್ಕೆ ತಂದು ಎಷ್ಟು ಪೇಚಾಡಿಕೊಂಡರು ಅಂದರೆ ಹೇಳತೀರದು.

ಬುಕಿಂಗ್‌ನಿಂದ ಬೆಲೆ ಗಟ್ಟಿಯಾದ ಉದಾಹರಣೆಯೂ ಒಂದಿದೆ. 2022ರ ಜುಲೈ 30ರಂದು ಮಹೀಂದ್ರದ ಸ್ಕಾರ್ಪಿಯೋ-ಎನ್ ಬುಕಿಂಗ್ ತೆರೆದಾಗ ಮೊದಲ 25,000 ಜನಕ್ಕೆ ಮಾತ್ರ ಆರಂಭಿಕ ಬೆಲೆ ಅಂದಿದ್ದರು. ಅಷ್ಟೂ ಒಂದೇ ನಿಮಿಷದಲ್ಲಿ ಮುಗಿದವು, ಅರ್ಧ ಗಂಟೆಯಲ್ಲಿ ಲಕ್ಷ ದಾಟಿತು. ಆದರೆ ಅದು ಕಂಪನಿಯೇ ಸಾರ್ವಜನಿಕವಾಗಿ ಕೊಟ್ಟ ಮಾತು. ಸೇಲ್ಸ್‌ನವರ ಬಾಯಿಮಾತು ಅಲ್ಲ.

ಹಳೇ ಚೇತಕ್

ನಿಮ್ಮ ಚರ್ಚೆ ಓದಿ ಹಳೆಯದೆಲ್ಲ ನೆನಪಾಯಿತು. ನಮ್ಮ ಕಾಲದಲ್ಲಿ ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾಯುವುದು ಮಾಮೂಲಿ. 1960ರ ಸ್ಕೂಟರ್ ಹಂಚಿಕೆ ನಿಯಂತ್ರಣ ಆದೇಶ ಅಂತ ಇತ್ತು. ಬುಕಿಂಗ್ ಠೇವಣಿಯನ್ನು ಡೀಲರ್ ಜೇಬಿಗೆ ಹಾಕುತ್ತಿರಲಿಲ್ಲ, ಪೋಸ್ಟ್ ಆಫೀಸ್ ಉಳಿತಾಯ ಖಾತೆಯಲ್ಲಿ ಇಡುತ್ತಿದ್ದೆವು. ಪಾಸ್‌ಬುಕ್ ಅಡವು ಇದ್ದ ಹಾಗೆ. ಹಣ ಸರ್ಕಾರದ ಹತ್ತಿರ, ಅದಕ್ಕೆ ಬಡ್ಡಿಯೂ ಉಂಟು. ಆ ಕಾಲದ ಲೈಸೆನ್ಸು, ಕಾಯುವಿಕೆ ಯಾವುದೂ ಮತ್ತೆ ಬರುವುದು ಬೇಡ. ಆದರೆ ಗಿರಾಕಿಯ ಠೇವಣಿ ಮೂರನೆಯವರ ಕೈಯಲ್ಲಿ ಭದ್ರವಾಗಿ ಇರಬೇಕು ಅನ್ನುವ ಆ ಒಂದು ಏರ್ಪಾಡು ಇಂದಿಗೂ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈಗ ಶೋರೂಂ ಬಾಗಿಲು ಹಾಕಿದರೆ ನಿಮ್ಮ 21,000 ಯಾರನ್ನು ಕೇಳುತ್ತೀರಿ?

ಶೋರೂಂ ಒಳಗಿಂದ

ಹಿರಿಯರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಡೀಲರ್ ಕಂಪನಿಯ ಶಾಖೆ ಅಲ್ಲ, ಬೇರೆಯೇ ವ್ಯಾಪಾರಿ. ಏನಾದರೂ ಹೆಚ್ಚುಕಡಿಮೆ ಆದರೆ ಕಂಪನಿಯವರು ಹಣ ನಮಗೆ ಬಂದಿಲ್ಲ ಅನ್ನಬಹುದು. ಅದಕ್ಕೇ ಆರ್ಡರ್ ನಂಬರ್ ಇರುವ ಬುಕಿಂಗ್ ಮಾಡಿ ಅನ್ನುವುದು. ಕಂಪನಿಯ ದಾಖಲೆಯಲ್ಲಿ ಹೆಸರಿದ್ದರೆ ಇನ್ನೊಂದು ಡೀಲರ್‌ಗೆ ವರ್ಗಾಯಿಸಿ ಅಂತ ಕೇಳಲಾದರೂ ದಾರಿ ಇರುತ್ತದೆ.

ಫ್ರೀಮಾಂಟ್ ಕನ್ನಡತಿ

ಕಂಪನಿಗೇ ನೇರವಾಗಿ ಕಟ್ಟಿದರೆ ಎಲ್ಲ ಸರಿ ಅಂತಲೂ ಅಂದುಕೊಳ್ಳಬೇಡಿ. 2016ರಲ್ಲಿ ಟೆಸ್ಲಾ ಮಾಡೆಲ್ 3ಗೆ ಬುಕಿಂಗ್ ತೆರೆದಾಗ ಇಲ್ಲಿ ಅಮೆರಿಕದಲ್ಲಿ ನಾವು ಕಟ್ಟಿದ ಹಾಗೇ ಭಾರತದಿಂದಲೂ ಜನ 1,000 ಡಾಲರ್ ಕಟ್ಟಿದರು. ಕಂಪನಿ ಭಾರತದಲ್ಲಿ ಮಾರಾಟ ಶುರು ಮಾಡಿದ್ದೇ 2025ರ ಜುಲೈನಲ್ಲಿ, ಅದೂ ಮಾಡೆಲ್ ವೈ. ಹಳೇ ಬುಕಿಂಗ್ ಹಣ ವಾಪಸ್ ಕೊಡ್ತೀವಿ ಅಂತ ಮೇಲ್ ಬಂದದ್ದೂ 2025ರಲ್ಲೇ. ಹಣವೇನೋ ಬಂತು, ವಾಪಸ್ ಕೊಡುವ ಷರತ್ತು ಮೊದಲೇ ಬರಹದಲ್ಲಿ ಇದ್ದದ್ದಕ್ಕೆ. ಗಾಡಿ ಮಾತ್ರ ಬರಲಿಲ್ಲ. ಡೆಲಿವರಿ ಯಾವಾಗ ಅಂತ ಹೇಳದ ಬುಕಿಂಗ್‌ಗೆ ಹಣ ಕಟ್ಟುವ ಮುಂಚೆ ಎರಡು ಸಲ ಯೋಚನೆ ಮಾಡಿ.

ಗ್ರಾಹಕ ಪೀಠ

ಗ್ರಾಹಕ ಪ್ರಕರಣಗಳನ್ನು ನಡೆಸುವವಳು ನಾನು. ಕಾನೂನಿನ ಕಡೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನ್ಯಾಯಸಮ್ಮತವಲ್ಲದ ಕರಾರು ಅಂತ ಒಂದು ಭಾಗ ಇದೆ. ವಿಪರೀತ ಭದ್ರತಾ ಠೇವಣಿ ಕೇಳುವುದು, ಆದ ನಷ್ಟಕ್ಕೆ ಹೋಲಿಕೆಯೇ ಇಲ್ಲದ ದಂಡ ಹಾಕುವುದು, ಎರಡೂ ಅದರೊಳಗೆ ಬರುತ್ತವೆ. ಕರಾರಿನ ಷರತ್ತನ್ನೇ ಪ್ರಶ್ನಿಸಬೇಕಾದರೆ ರಾಜ್ಯ ಆಯೋಗಕ್ಕೆ ಹೋಗಬೇಕು. ಹಣ ವಾಪಸ್ ಕೊಡಲಿಲ್ಲ, ಸೇವೆಯಲ್ಲಿ ಲೋಪ ಆಯಿತು ಅನ್ನುವ ದೂರಾದರೆ ಜಿಲ್ಲಾ ಆಯೋಗ ಸಾಕು. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಬೆಂಗಳೂರಿನ ಡೀಲರ್ ಮೇಲೆ ತುಮಕೂರಿನಲ್ಲಿ ಕೂತು ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ಎರಡು ವರ್ಷದ ಒಳಗೆ ಹಾಕಬೇಕು. ಅದಕ್ಕೂ ಮುಂಚೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ದಾಖಲಿಸಿ. ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ.

ಆದರೆ ಇದೆಲ್ಲ ನಿಲ್ಲುವುದು ಕಾಗದದ ಮೇಲೆ. ನನ್ನ ಹತ್ತಿರ ಬರುವವರಲ್ಲಿ ತುಂಬ ಜನರ ಕೈಯಲ್ಲಿ ಇರುವುದು ಯುಪಿಐ ಸ್ಕ್ರೀನ್‌ಶಾಟ್ ಮಾತ್ರ. ಅದರಲ್ಲಿ ಹಣ ಹೋಗಿರುವುದು ಸೇಲ್ಸ್ ಹುಡುಗನ ಸ್ವಂತ ನಂಬರಿಗೆ. ಆ ಹುಡುಗ ಕೆಲಸ ಬಿಟ್ಟು ಹೋಗಿರುತ್ತಾನೆ. ಡೀಲರ್ "ಅವನು ನಮಗೆ ಹಣ ಕಟ್ಟಿಲ್ಲ" ಅನ್ನುತ್ತಾನೆ. ಅಲ್ಲಿಂದ ಮುಂದೆ ಹೋರಾಟ ತುಂಬ ಕಷ್ಟ. ದಯವಿಟ್ಟು ಚೆಕ್ ಕೊಡಿ, ಇಲ್ಲ ಡೀಲರ್‌ಶಿಪ್ ಹೆಸರಿನ ಖಾತೆಗೇ ಹಾಕಿ.

ತುಮಕೂರು ರಸ್ತೆ

ಇಷ್ಟೊಂದು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬ ಧನ್ಯವಾದ. ಇವತ್ತು ಶೋರೂಂಗೆ ಹೋಗಿ ಬುಕಿಂಗ್ ಫಾರಂ ಕೇಳಿ ಪಡೆದೆ. ಮೊದಲು "ಸೈನ್ ಮಾಡುವಾಗ ನೋಡಿ ಸರ್" ಅಂದರು. ಓದದೆ ಸೈನ್ ಹಾಕಲ್ಲ ಅಂದ ಮೇಲೆ ಕೊಟ್ಟರು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇರುವುದರ ಸಾರಾಂಶ ಹೀಗಿದೆ: ಬೆಲೆ ಡೆಲಿವರಿ ದಿನದ್ದು. ಡೆಲಿವರಿ ದಿನಾಂಕ ಅಂದಾಜು, ಬದಲಾಗಬಹುದು. ಕ್ಯಾನ್ಸಲ್ ಮಾಡಿದರೆ "ಸಂಸ್ಥೆಯ ನಿಯಮದಂತೆ" ಮುರಿದುಕೊಂಡು ಉಳಿದದ್ದು ವಾಪಸ್. ಎಷ್ಟು ಮುರಿಯುತ್ತಾರೆ ಅಂತ ಅಂಕಿಯೇ ಇಲ್ಲ, ಎಷ್ಟು ದಿನದೊಳಗೆ ಕೊಡುತ್ತಾರೆ ಅಂತಲೂ ಇಲ್ಲ. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅಂತ ಬಾಯಲ್ಲಿ ಹೇಳಿದರು, ಫಾರಂನಲ್ಲಿ ಇಲ್ಲ. ಆಷಾಢದ ಆಫರ್ 15,000 ಇದೆಯಂತೆ.

ಗ್ರಾಹಕ ಪೀಠ

ಇನ್ಶೂರೆನ್ಸ್ ಅವರ ಹತ್ತಿರವೇ ಅಂತ ಕಡ್ಡಾಯ ಮಾಡುವಂತಿಲ್ಲ. ನಿಮಗೆ ಬೇಕಾದ ಕಂಪನಿಯಿಂದ ನೀವೇ ತರಬಹುದು. ಎರಡೂ ಕಡೆ ಕೊಟೇಶನ್ ತಗೊಂಡು ನೋಡಿ.

"ಸಂಸ್ಥೆಯ ನಿಯಮದಂತೆ" ಅನ್ನುವ ಸಾಲಿನ ಪಕ್ಕದಲ್ಲೇ ಪೆನ್ನಿನಲ್ಲಿ ಅಂಕಿ ಬರೆಸಿ, ಮ್ಯಾನೇಜರ್ ಸಹಿ, ಸೀಲ್ ಹಾಕಿಸಿ. ಸೊನ್ನೆ ಅಂತ ಬರೆದರೆ ಒಳ್ಳೆಯದು. 1,000 ಅಂತ ಬರೆದರೂ ಒಪ್ಪಿಕೊಳ್ಳಬಹುದು. ಖಾಲಿ ಮಾತ್ರ ಬಿಡಬೇಡಿ. ಹಾಗೇ "ಹೇಳಿದ ತಿಂಗಳಲ್ಲಿ ಗಾಡಿ ಬರದಿದ್ದರೆ ಪೂರ್ತಿ ವಾಪಸ್" ಅಂತ ಒಂದು ಸಾಲು ಸೇರಿಸಿ. ತಡ ಅವರದ್ದಾದರೆ ಒಂದು ರೂಪಾಯಿ ಮುರಿಯಲೂ ಅವರಿಗೆ ಮುಖ ಇಲ್ಲ.

ಶೋರೂಂ ಒಳಗಿಂದ

ಆಷಾಢದ ಆಫರ್ ಬಗ್ಗೆ ಹುಷಾರು. ಅದು ಬುಕಿಂಗ್ ದಿನಾಂಕಕ್ಕೋ, ಬಿಲ್ ದಿನಾಂಕಕ್ಕೋ ಕೇಳಿ. ಕಂಪನಿಯ ಆಫರ್‌ಗಳು ಹೆಚ್ಚಾಗಿ ಆ ತಿಂಗಳಲ್ಲಿ ಬಿಲ್ ಆದ ಗಾಡಿಗೆ. ಆಷಾಢದಲ್ಲಿ ಬುಕ್ ಮಾಡಿ ಶ್ರಾವಣದಲ್ಲಿ ಬಿಲ್ ಆದರೆ 15,000 ಸಿಗದೇ ಹೋಗಬಹುದು. ಆಗ "ಈಗಲೇ ಬಿಲ್ ಮಾಡಿ, ಗಾಡಿ ನಮ್ಮಲ್ಲೇ ಇರಲಿ, ಶ್ರಾವಣದಲ್ಲಿ ಪೂಜೆ ಮಾಡಿ ತಗೊಂಡು ಹೋಗಿ" ಅನ್ನುತ್ತಾರೆ. ಮಾಡಬಹುದು, ತುಂಬ ಜನ ಮಾಡುತ್ತಾರೆ. ಆದರೆ ಲೋನ್ ಬಡ್ಡಿ, ಇನ್ಶೂರೆನ್ಸ್ ಎರಡೂ ಅವತ್ತಿನಿಂದಲೇ ಓಡುತ್ತವೆ. ಗಾಡಿ ಯಾರ್ಡಿನಲ್ಲಿ ಮಳೆಗೆ ನಿಂತಿರುತ್ತದೆ. ಅಷ್ಟು ದಿನ ಯಾರಾದರೂ ಓಡಿಸಿದರೆ, ಗೀರು ಬಿದ್ದರೆ ಯಾರು ಹೊಣೆ ಅಂತ ಬರೆಸಿಕೊಳ್ಳಿ. ಬಿಲ್ ಆಗುವ ಮುಂಚೆ ಗಾಡಿ ಹತ್ತಿರ ಹೋಗಿ ಓಡೋಮೀಟರ್, ಚಾಸಿ ನಂಬರ್, ತಯಾರಾದ ತಿಂಗಳು ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ.

ಮಂಡ್ಯದ ಕಬ್ಬು

ಇಷ್ಟೆಲ್ಲ ಬರೆಸಿಕೊಳ್ಳಬೇಕು ಅನ್ನುವುದೇ ನನ್ನ ವಾದಕ್ಕೆ ಸಾಕ್ಷಿ. ಆದರೂ ಅವರಿಗೆ ಬೇಕಾದ ಆಟೋಮ್ಯಾಟಿಕ್ ಸ್ಟಾಕ್‌ನಲ್ಲಿ ಇಲ್ಲ ಅಂತಾದರೆ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ. ಕೊಡುವುದಾದರೆ 21,000, ಚೆಕ್‌ನಲ್ಲಿ.

ತುಮಕೂರು ರಸ್ತೆ

ಬೆಂಗಳೂರಿನ 5,000ದವರಿಗೆ "ಪೂರ್ತಿ ವಾಪಸ್ ಅಂತ ಇಮೇಲ್ ಕಳಿಸಿ, ಇವತ್ತೇ ಬುಕ್ ಮಾಡ್ತೀನಿ" ಅಂದೆ. ಕಳಿಸಲಿಲ್ಲ, ಅವರನ್ನು ಬಿಟ್ಟೆ. ಇಲ್ಲಿನವರ ಹತ್ತಿರ ಕೂತು ಮಾತಾಡಿದೆವು. 50,000ದ ಮಾತು ಎತ್ತಿದಾಗ "ಆ ಜಾಸ್ತಿ ಹಣಕ್ಕೆ ಸೀರಿಯಲ್ ಎಷ್ಟು ಮುಂದೆ ಬರುತ್ತೆ ಬರೆದುಕೊಡಿ" ಅಂದರು ಭಾವ. ಮ್ಯಾನೇಜರ್ ಸುಮ್ಮನಾದರು. 21,000ಕ್ಕೆ ಚೆಕ್ ಕೊಟ್ಟೆ. ಕ್ಯಾನ್ಸಲ್ ಮಾಡಿದರೆ 1,000 ಮಾತ್ರ ಮುರಿಯುವುದು, ಅವರಿಂದ ತಡವಾದರೆ ಪೂರ್ತಿ ವಾಪಸ್ ಅಂತ ಬರೆದು ಸಹಿ ಹಾಕಿದರು. ಆಫರ್ ಬಿಲ್ ದಿನಾಂಕಕ್ಕೇ ಅಂತೆ. ಅದನ್ನು ಬಿಟ್ಟುಬಿಟ್ಟೆವು. ಲೋನ್ ಬಡ್ಡಿ ಸೇರಿಸಿ ನೋಡಿದರೆ ಉಳಿಯುವುದು ಅಷ್ಟಕ್ಕಷ್ಟೇ, ಮೇಲೆ ಆಷಾಢದಲ್ಲಿ ಬಿಲ್ ಆಗುವುದು ಅಮ್ಮನಿಗೆ ಇಷ್ಟ ಇಲ್ಲ. ಅದಕ್ಕೆ ಬದಲು ಶ್ರಾವಣದಲ್ಲಿ ಬರುವ ಆಫರ್ ಯಾವುದಿದ್ದರೂ ಕೊಡಬೇಕು ಅಂತ ಅದೇ ಫಾರಂನಲ್ಲಿ ಬರೆಸಿದ್ದೇನೆ.

ಕಂಪನಿಯಿಂದ ಮೆಸೇಜ್ ಮಾತ್ರ ಇನ್ನೂ ಬಂದಿಲ್ಲ.

ಶೋರೂಂ ಒಳಗಿಂದ

ಚೆಕ್ ಪಾಸ್ ಆಗುವವರೆಗೆ ಕೆಲವು ಕಡೆ ಸಿಸ್ಟಂಗೆ ಏರಿಸುವುದಿಲ್ಲ. ಖಾತೆಯಿಂದ ಹಣ ಹೋದ ಮಾರನೇ ದಿನ ಕೇಳಿ. ಆಗಲೂ ಬರದಿದ್ದರೆ ಆರ್ಡರ್ ನಂಬರ್ ಹೇಳಿ ಅನ್ನಿ, ಕಂಪನಿಯ ಟೋಲ್‌ಫ್ರೀಗೆ ಫೋನ್ ಮಾಡಿ ಆ ನಂಬರ್ ನಿಮ್ಮ ಹೆಸರಿನಲ್ಲೇ ಇದೆಯಾ, ವೇರಿಯಂಟ್, ಬಣ್ಣ ಸರಿ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಆಟೋಮ್ಯಾಟಿಕ್ ಬದಲು ಮ್ಯಾನುವಲ್ ಅಂತ ಹಾಕಿ ಆಮೇಲೆ ಬದಲಾಯಿಸಿದರೆ ಸರದಿ ಮತ್ತೆ ಹಿಂದಕ್ಕೆ ಹೋಗಬಹುದು.

ತುಮಕೂರು ರಸ್ತೆ

ಬಂತು ಸರ್. ಹೆಸರು, ವೇರಿಯಂಟ್, ಬಣ್ಣ ಎಲ್ಲ ಸರಿಯಾಗಿದೆ. ಆಟೋಮ್ಯಾಟಿಕ್ ಅಂತಲೇ ಇದೆ. ಟೋಲ್‌ಫ್ರೀಗೂ ಫೋನ್ ಮಾಡಿ ಕೇಳಿಕೊಂಡೆ.